ದೇವದುರ್ಗ ಶೆಫರ್ಡ್

ನಾಯಿ ಪಳಗಿಸುವುದರಲ್ಲಿ ಕೃಷ್ಣೆಯಿಂದ ತುಂಗಭದ್ರೆಯವರೆಗೆ ನನ್ನನ್ನು ಮೀರಿಸುವವರಿಲ್ಲ. ರಾಯಚೂರಿನಲ್ಲಿ ನಿಂಗರಾಜ ಎಂದು ಹೆಸರು ಹೇಳಿದರೆ ಬೀದಿನಾಯಿಗಳೂ ಸಾಲಾಗಿ ನಿಲ್ಲುತ್ತವೆ. ಶಕ್ತಿನಗರದ ಸಾಹೇಬರೊಬ್ಬರ ಡಾಬರ್‌ಮನ್ ನನ್ನನ್ನು ಕಂಡು ಎದ್ದು ನಿಂತು ಸಲಾಮು ಹೊಡೆದದ್ದನ್ನು ನೂರು ಮಂದಿ ನೋಡಿದ್ದಾರೆ. ಹೋಗಲಿ, ನಾಲ್ಕು ಮಂದಿ.

ಇಂಥ ನಾನು ಮಾನ್ವಿಯ ಕಾವಲು ನಾಯಿಗಳ ಸ್ಪರ್ಧೆಗೆ ಒಯ್ದದ್ದು ಸುಬೇದಾರನನ್ನು. ದೇವದುರ್ಗದ ಕಡೆಯ ನನ್ನ ಸೋದರತ್ತೆ ಮಾರೆಮ್ಮನ ಕುರಿಹಿಂಡಿನ ನಾಯಿ. ತಲೆ ಕಡಾಯಿಯಷ್ಟು. ಅವನ ಒಂದೇ ಬೊಗಳಿಕೆಗೆ ಹದಿನೇಳು ತೋಳಗಳು ಜಿಲ್ಲೆ ಬಿಟ್ಟು ಹೋಗಿವೆ. ಅರ್ಜಿಯಲ್ಲಿ ತಳಿ ಎಂಬಲ್ಲಿ ‘ದೇವದುರ್ಗ ಶೆಫರ್ಡ್’ ಎಂದು ಬರೆದೆ. ಜರ್ಮನಿಯವರ ಕುರಿನಾಯಿಗೆ ಸಲ್ಲುವ ಹೆಸರು ನಮ್ಮದಕ್ಕೇಕೆ ಸಲ್ಲದು?

ಮಾರೆಮ್ಮ ಸುಮ್ಮನೆ ಕೊಟ್ಟಿರಲಿಲ್ಲ. “ಮೂರು ತಿಂಗಳು ಇಟ್ಕೋ. ಪಾಸಾದ್ರ ನಿನ್ನ ನಾಯಿ. ಇಲ್ಲಂದ್ರ ನನ್ನ ಕುರಿ ಹಿಂದ ಬರತದ. ಆಮ್ಯಾಲ ಬಾಯಿ ಮಾಡಬ್ಯಾಡ” ಎಂದಿದ್ದಳು.

ಸ್ಪರ್ಧೆಯ ನಿಯಮ ಸರಳ. ಗೋಣಿ ಸುತ್ತಿದ ದಪ್ಪ ತೋಳು ತೊಟ್ಟು ಒಬ್ಬ ಕಳ್ಳನಂತೆ ಓಡುತ್ತಾನೆ. ಮಾಲೀಕ ಹೇಳಿದಾಗ ನಾಯಿ ಆ ತೋಳನ್ನು ಹಿಡಿಯಬೇಕು, ಹತ್ತು ಸೆಕೆಂಡು ಬಿಡಬಾರದು, ಮಾಲೀಕನ ಇನ್ನೊಂದು ಶಬ್ದಕ್ಕೆ ತಟ್ಟನೆ ಬಿಟ್ಟು ಕೂರಬೇಕು. ಬೇರೆಯವರೆಲ್ಲ ಇಂಗ್ಲಿಷ್ ಶಬ್ದ ಕಲಿಸಿದರು. ನಾನು ಹಿಡಿಯಲು ‘ಹಿಡಿ’, ಬಿಡಲು ‘ಸಾಕು’ ಎಂದು ಅಚ್ಚಗನ್ನಡದಲ್ಲಿ ಕಲಿಸಿದೆ.

ತರಬೇತಿಯಲ್ಲೂ ಕಳ್ಳನಾಗಿ ಓಡುತ್ತಿದ್ದ ಮಾನ್ವಿಯ ಶಾಕಿರ್ ಮೊದಲ ವಾರವೇ ಎಚ್ಚರಿಸಿದ್ದ. “ಆ ಶಬ್ದ ಬ್ಯಾಡ ಭಾಯ್. ನೀ ಬಾಯಿ ತೆಗೆದ್ರ ಮಂದಿ ನೂರು ಸಲ ‘ಸಾಕು’ ಅಂತಾರ.”

“ನನ್ನ ಮಾತಿಗೆ ಸಾಕು ಅಂದವರು ಯಾರಲೇ?” ಎಂದು ಗದರಿ ‘ಹಿಡಿ’ ಅಂದೆ; ಸುಬೇದಾರ ಹಾರಿ ಅವನ ಗೋಣಿತೋಳು ಕಚ್ಚಿದ.

“ನಾನೇ. ಸಾಕು ಮಾಡು.”

ಸುಬೇದಾರ ತಕ್ಷಣ ಗೋಣಿತೋಳು ಬಿಟ್ಟು ಕೂತ. ಎಂಥ ಕಲಿಕೆ ಎಂದು ನಾನು ಹಿಗ್ಗಿದೆ. ಆ ಮೂರು ತಿಂಗಳು ದಿನಾ ಅವನ ಮುಂದೆ ಕೂತು ನನ್ನ ಸಾಹಸಗಳನ್ನೆಲ್ಲ ಹೇಳಿದೆ. ಕಿವಿ ನಿಮಿರಿಸಿ ಕೊನೆಯವರೆಗೆ ಕೇಳಿದ ಜೀವ ಅದೊಂದೇ.

ಸ್ಪರ್ಧೆಯ ಬೆಳಿಗ್ಗೆ ಮಾನ್ವಿಯ ಮೈದಾನದಲ್ಲಿ ಲಕ್ಷ ಜನ. ಇನ್ನೂರಂತೂ ಖಂಡಿತ. ನೀರಮಾನ್ವಿಯ ಹತ್ತಿರ ಹಿಂಡು ನಿಲ್ಲಿಸಿದ್ದ ಮಾರೆಮ್ಮ ಹಗ್ಗ ಹಿಡಿದೇ ಬಂದಿದ್ದಳು. ನಾನು ‘ಹಿಡಿ’ ಅಂದೆ. ಸುಬೇದಾರ ಹಾರಿ ಶಾಕಿರನ ತೋಳಿಗೆ ಬಿದ್ದ ರಭಸಕ್ಕೆ ನೆಲ ನಡುಗಿತು. ನನಗೆ ತಡೆಯಲಾಗಲಿಲ್ಲ.

“ನೋಡ್ರೀ! ಇವನ ಹಲ್ಲಿಗೆ ರೈಲಿನ ಹಳಿ ಬಾಗತದ! ಇವನಪ್ಪ ಹುಲಿ ಜೋಡಿ…”

“ಏ, ಸಾಕು ಮಾಡೋ ನಿಂಗರಾಜ!” ಎಂದು ಜನರ ನಡುವಿನಿಂದ ವಲಿ ಪಾಷಾ ಕೂಗಿದ. ಅವನು ನಮ್ಮ ಓಣಿಯ ಚಹಾದಂಗಡಿಯವನು.

ಸುಬೇದಾರ ಬಿಟ್ಟು ಕೂತ. ನಾಲ್ಕೇ ಸೆಕೆಂಡು.

ನಾನು ತೀರ್ಪುಗಾರ್ತಿ ದೇವಿಕಾ ಮೇಡಂ ಅವರ ಬಳಿ ಓಡಿದೆ. ಅವರು ಮೈಕಿನಲ್ಲಿ ಜನರನ್ನು ಗದರಿಸಿ, ನನ್ನತ್ತ ತಿರುಗಿದರು. “ಇನ್ನೊಂದೇ ಅವಕಾಶ. ನೀವೂ ಬಾಯಿ ಮುಚ್ಚಿಕೊಂಡಿರಬೇಕು.”

ಮತ್ತೆ ‘ಹಿಡಿ’. ಮತ್ತೆ ಅದೇ ಹಾರಾಟ. ಮೈದಾನ ಗಪ್ಪಾಯಿತು. ಮೇಡಂ ಬೆರಳು ಮಡಚುತ್ತ ಎಣಿಸತೊಡಗಿದರು. ಐದು. ಆರು. ನಾನು ತುಟಿ ಕಚ್ಚಿಕೊಂಡೆ. ಶಾಕಿರ್ ಗಿರಗಿರ ತಿರುಗಿಸಿದರೂ ಸುಬೇದಾರ ಗೋಣಿಗೆ ಹೊಲಿದಂತೆ ಅಂಟಿದ್ದ. ಏಳು. ಎಂಟು. ಎದೆಯೊಳಗಿನದು ಗಂಟಲಿಗೆ ಬಂದು, ನಾನು ತಡೆಯುವ ಮೊದಲೇ ಹೊರಗೆ ಬಿತ್ತು.

“ಭಲೇ ಮಗನ! ಇನ್ನ ಎರಡ ಸೆಕೆಂಡ್ ಸಾಕು!”

ಸುಬೇದಾರ ಬಿಟ್ಟ. ನೆಟ್ಟಗೆ ಕೂತು, ಬಾಲ ಆಡಿಸುತ್ತ ನನ್ನ ಮುಖ ನೋಡಿದ.

ಜನ ನಕ್ಕರು. ಶಾಕಿರ್ ಮಾತ್ರ ನಗದೆ ಗೋಣಿತೋಳು ಕಳಚತೊಡಗಿದ. ಮಾರೆಮ್ಮ ಬಂದು ನಾಯಿಯ ಕೊರಳಿಗೆ ಹಗ್ಗ ಹಾಕಿದಳು.

“ಅತ್ತಿ, ಇನ್ನೊಂದು ತಿಂಗಳು…”

“ಮಾತಂದ್ರ ಮಾತಪ್ಪ. ತೋಳ ಬಂದಾವು, ಮರಿ ಸಣ್ಣವು ಅದಾವು.”

ಅವಳು ಜಗ್ಗಿದಳು. ಸುಬೇದಾರ ತಿರುಗಿ ನನ್ನ ಅಂಗಿಯ ತೋಳನ್ನು ಕಚ್ಚಿ ಹಿಡಿದ. ಚರ್ಮಕ್ಕೆ ಹಲ್ಲು ತಾಗಲಿಲ್ಲ, ಬಟ್ಟೆ ಮಾತ್ರ. ಹತ್ತು ಸೆಕೆಂಡು ಆಯಿತು. ಇಪ್ಪತ್ತಾಯಿತು. ಎಣಿಸುವವರು ಯಾರೂ ಇರಲಿಲ್ಲ. ಮಾರೆಮ್ಮ ಎಷ್ಟು ಜಗ್ಗಿದರೂ ಅವನು ಜಗ್ಗಲಿಲ್ಲ.

“ನೀ ಕಲಿಸಿದ ಶಬ್ದ ಅದ ಅಲ್ಲೇನು? ಹೇಳು” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಅವನ ತಲೆ ಸವರಿದೆ. ಹೇಳಿದೆ. ಸಣ್ಣಗೆ, ಮಾರೆಮ್ಮನಿಗೂ ಕೇಳಿಸದಷ್ಟು ಸಣ್ಣಗೆ.

ಸುಬೇದಾರನಿಗೆ ಕೇಳಿಸಿತು. ತಟ್ಟನೆ ಬಿಟ್ಟ. ನನ್ನ ತರಬೇತಿ ಅಷ್ಟು ಪಕ್ಕಾ.