ಕಾಗೆಕಾಲು

"ಏಯ್! ಕಲ್ಲಿನ ಮೇಲೆ ಆರಾಮಾಗಿ ಕೂತಿದೀಯಲ್ಲೇ, ಅದೇನು ನಿಮ್ಮಪ್ಪಂದೇನೇ?"

ರಿಜಿಸ್ಟ್ರಾರ್ ಸಾಹೇಬರು ಕಾರಿನ ಗಾಜು ಇಳಿಸಿ ಕೂಗಿದರು. ನಾನು ಪೊರಕೆ ಹಿಡಿದುಕೊಂಡು ಎದ್ದು ನಿಂತೆ. ಬೆಳಗಿನಿಂದ ಗ್ರಂಥಾಲಯದ ಮುಂದಿನ ರಸ್ತೆ ಗುಡಿಸಿ ಸೊಂಟ ಬಿದ್ದುಹೋಗಿತ್ತು. ಎದ್ದವಳು ಸುಮ್ಮನಿರಬೇಕಿತ್ತು, ಆದರೆ ಬಾಯಿ ನನ್ನ ಮಾತು ಕೇಳುವುದಿಲ್ಲ.

"ಹೌದು ಸಾರ್, ನಮ್ಮಪ್ಪಂದೇ."

"ಏನಂದೆ?"

"ನಮ್ಮಪ್ಪ ಹೊಡೆದ ಕಲ್ಲು ಸಾರ್. ಇಲ್ನೋಡಿ, ಗುರುತಿದೆ."

"ಕೊಬ್ಬು ನೋಡು ಇವಳಿಗೆ! ಕೂತು ತಿನ್ನೋಕೆ ಯೂನಿವರ್ಸಿಟಿ ನಿಮ್ಮ ಮಾವನ ಮನೆಯಲ್ಲ. ಇನ್ನೊಂದ್ಸಲ ಕೂತಿದ್ದು ನೋಡಿದ್ರೆ ನಾಳೆಯಿಂದ ಗೇಟಿನ ಹೊರಗೇ ಇರ್ತೀಯ."

ಗಾಜು ಏರಿತು, ಕಾರು ಹೋಯಿತು. ಒಂದೇ ಉಸಿರಿನಲ್ಲಿ ನನಗೆ ಅಪ್ಪನ ಆಸ್ತಿಯನ್ನೂ ಮಾವನ ಮನೆಯನ್ನೂ ತೋರಿಸಿ ಎರಡನ್ನೂ ಕಿತ್ತುಕೊಂಡು ಹೋದ ಪುಣ್ಯಾತ್ಮ. ನಾನು ಮತ್ತೆ ಆ ಕಲ್ಲಿನ ಮೇಲೆಯೇ ಕೂತೆ.

ಕಲ್ಲು ಬಂದದ್ದು ಹಳೆಯ ಹೆಬ್ಬಾಗಿಲಿನಿಂದ. ವಿಶ್ವವಿದ್ಯಾಲಯಕ್ಕೆ ಐವತ್ತು ವರ್ಷ ತುಂಬುವ ಸಂಭ್ರಮಕ್ಕೆ ದೊಡ್ಡ ದೊಡ್ಡ ಕಾರು ಬರುತ್ತವೆಂದು ಅದನ್ನು ಕೆಡವಿ, ಅಲ್ಲಿ ಗಾಜಿನ ಬಾಗಿಲು ನಿಲ್ಲಿಸುತ್ತಿದ್ದರು. ಕಲ್ಲುಗಳನ್ನೆಲ್ಲ ತಂದು ಹುಲ್ಲಿನ ಮೇಲೆ ಮಗುಚಿ ಹಾಕಿದ್ದರು. ಹೀಗಾಗಿ ಐವತ್ತು ವರ್ಷ ಗೋಡೆಯೊಳಗೆ ಉಸಿರು ಕಟ್ಟಿಕೊಂಡಿದ್ದ ಹಿಂಬದಿಗಳೆಲ್ಲ ಬಿಸಿಲಿಗೆ ಬಿದ್ದಿದ್ದವು. ಒಂದರ ಮೇಲೆ ಏಣಿ, ಒಂದರ ಮೇಲೆ ಮೀನು, ಒಂದರ ಮೇಲೆ ಬಾಚಣಿಗೆ. ನಾನು ಕೂತಿದ್ದರ ಮೇಲೆ ಒಂದೇ ಬುಡದಿಂದ ಹರಡಿದ ಮೂರು ಗೆರೆ. ಕಾಗೆಕಾಲು.

ನಮ್ಮ ಕೇರಿಯ ಕಲ್ಲುಕುಟಿಗರ ಪದ್ಧತಿ ಅದು. ಕಲ್ಲು ಹೊಡೆದವನು ಹಿಂಬದಿಗೆ ತನ್ನ ಗುರುತು ಕೆತ್ತಬೇಕು. ಓದು ಬರಹ ಇಲ್ಲದವರಿಗೆ ಅದೇ ಹೆಸರು, ಅದೇ ರುಜು. ಪದ್ಧತಿಯೆಂದರೆ ಅದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ. ಕಲ್ಲು ಸೀಳು ಬಿಟ್ಟರೆ ಯಾರ ಬೆನ್ನಿಗೆ ಬಾರಿಸಬೇಕೆಂದು ಮೇಸ್ತ್ರಿಗೆ ಗೊತ್ತಾಗಲಿ ಎಂದು ಶುರುವಾದದ್ದು. ಕಲ್ಲು ಕೂರಿಸುವಾಗ ಗುರುತು ಒಳಗೆ, ನುಣುಪು ಹೊರಗೆ. ಗೋಡೆ ಎದ್ದ ಮೇಲೆ ಕಟ್ಟಿಸಿದವನ ಹೆಸರು ಮಾತ್ರ ಕಾಣುತ್ತದೆ.

ಇಲ್ಲಿ ಮೊದಲು ಬಂಡೆಯ ಗುಡ್ಡವಿತ್ತು. ನಮ್ಮವರು ಆ ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡು ಗುಡ್ಡವನ್ನೇ ಒಡೆದು ವಿಶ್ವವಿದ್ಯಾಲಯ ಕಟ್ಟಿದರು. ಗುಡ್ಡ ಇದ್ದ ಜಾಗ ಗುಂಡಿಯಾಯಿತು, ಗುಂಡಿಯಲ್ಲಿ ನೀರು ನಿಂತು ಕೆರೆಯಾಯಿತು, ಈಗ ಪಾಸಾದ ಹುಡುಗ ಹುಡುಗಿಯರು ಕಪ್ಪು ಗೌನು ಹಾಕಿಕೊಂಡು ಅದರ ದಂಡೆಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಹುಟ್ಟಿದ ಗುಡಿಸಲಿನ ಜಾಗದಲ್ಲಿ ರಸಾಯನಶಾಸ್ತ್ರದವರ ಪ್ರಯೋಗಶಾಲೆ ಇದೆ. ಕಟ್ಟಡ ಮುಗಿದ ಮೇಲೆ ನಮ್ಮನ್ನು ಕಾಂಪೌಂಡಿನ ಆಚೆ ತಳ್ಳಿದರು. ಆ ಕಾಂಪೌಂಡನ್ನೂ ನಮ್ಮ ಕೈಯಲ್ಲೇ ಕಟ್ಟಿಸಿಕೊಂಡರು. ಸಮಾಜಶಾಸ್ತ್ರದ ಹುಡುಗರು ಮಾತ್ರ ವರ್ಷಕ್ಕೊಮ್ಮೆ ಕೇರಿಗೆ ಬಂದು ನಮ್ಮ ಮನೆಯಲ್ಲಿ ಪಾತ್ರೆ ಎಷ್ಟಿವೆ ಎಂದು ಕೇಳಿಕೊಂಡು ಹೋಗುತ್ತಾರೆ. ನಮ್ಮ ಪಾತ್ರೆಯ ಮೇಲೆ ಎಷ್ಟು ಜನ ಡಾಕ್ಟರಾದರೋ, ಪಾತ್ರೆ ಮಾತ್ರ ಅಷ್ಟೇ ಇವೆ.

ಅಪ್ಪ ಸತ್ತದ್ದು ಆ ಹೆಬ್ಬಾಗಿಲಿನ ಕೆಳಗೆ. ಕಂಬದ ಮೇಲುಗಲ್ಲು ಏರಿಸುವಾಗ ಹಗ್ಗ ಹರಿಯಿತು. ತಾನೇ ಹೊಡೆದ ಕಲ್ಲು, ನಾನು ಕೂತಿದ್ದ ಇದೇ ಕಾಗೆಕಾಲಿನ ಕಲ್ಲು, ತನ್ನ ಎದೆಯ ಮೇಲೆಯೇ ಬಿತ್ತು. ಉದ್ಘಾಟನೆಯ ದಿನ ನಿಗದಿಯಾಗಿಹೋಗಿದ್ದರಿಂದ ಮೇಸ್ತ್ರಿ ಕಲ್ಲನ್ನು ತೊಳೆಸಿ ಸಂಜೆಯೊಳಗೆ ಮೇಲೇರಿಸಿದ. ತೊಳೆದವಳು ಅವ್ವ. ಯಾರೂ ಬರದಿದ್ದಕ್ಕೆ ಅವಳೇ ಕೊಡದಲ್ಲಿ ನೀರು ತಂದು ತೊಳೆದಳಂತೆ. ಆಗ ನಾನು ಅವಳ ಹೊಟ್ಟೆಯಲ್ಲಿದ್ದೆ. ಹಾಗಾಗಿ ಅಪ್ಪನದೆಂದು ನಾನು ಮುಟ್ಟಿರುವುದು ಆ ಕಲ್ಲೊಂದನ್ನೇ.

ಕಲ್ಲುಗಳನ್ನು ಎಸೆಯುವುದಿಲ್ಲ, ಸಂಸ್ಥಾಪಕರ ಪ್ರತಿಮೆಗೆ ಅದರಲ್ಲೇ ಪೀಠ ಕಟ್ಟುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಪೀಠವೆಂದರೆ ಮತ್ತೆ ಗುರುತು ಒಳಗೆ. ಇನ್ನೊಂದು ಐವತ್ತು ವರ್ಷ.

ಪೀಠದ ಯೋಚನೆ ಇತಿಹಾಸದ ಮೇಷ್ಟ್ರದ್ದು. ಮಹೋತ್ಸವದ ದೊಡ್ಡ ಪುಸ್ತಕವನ್ನೂ ಅವರೇ ಬರೆಯುತ್ತಿದ್ದರು. ಅವರ ಕೋಣೆ ಒರೆಸುವಾಗ ಧೈರ್ಯ ಮಾಡಿದೆ.

"ಸಾರ್, ಒಂದು ಮಾತು. ಆ ಕಲ್ಲುಗಳ ಗುರುತು ಹೊರಗೆ ಕಾಣೋ ಹಾಗೆ ಕೂರಿಸೋಕಾಗಲ್ವಾ?"

ಮೇಷ್ಟ್ರು ಒಳ್ಳೆಯವರು, ಬೈಯಲಿಲ್ಲ. ಒರೆಸಿದ ನೆಲ ಹಸಿ ಇದೆಯೆಂದು ಕಾಲು ಮೇಲೆತ್ತಿಕೊಂಡು ನಕ್ಕರು.

"ಯಾಕಮ್ಮ? ಅದು ಹಿಂದಿನ ಮುಖ. ಒರಟು."

"ಅದರಲ್ಲಿ ನಮ್ಮಪ್ಪಂದಿದೆ ಸಾರ್. ನಮ್ಮ ಕೇರಿಯೋರದೆಲ್ಲ ಇದೆ. ನಿಮ್ಮ ಪುಸ್ತಕದಲ್ಲೂ ಒಂದು ಮಾತು ಬರೀಬೋದಲ್ವಾ, ಕಟ್ಟಿದೋರು ಇವರು ಅಂತ."

"ದಾಖಲೆ ಬೇಕಲ್ಲಮ್ಮ. ನಿಮ್ಮ ಹತ್ರ ಏನಾದ್ರೂ ಇದೆಯಾ?"

"ಕಲ್ಲೇ ಇದೆಯಲ್ಲ ಸಾರ್."

"ಅಯ್ಯೋ, ಕಾಗಕ್ಕನ ಕಾಲು ಗುಬ್ಬಕ್ಕನ ಕಾಲು ಗೀಚಿದ್ದನ್ನೆಲ್ಲ ಇತಿಹಾಸ ಅನ್ನೋಕಾಗುತ್ತಾ? ಹೋಗು, ಆ ಕಿಟಕಿ ಒಂದು ಒರೆಸಿಬಿಡು."

ಅವರ ಹಿಂದೆ ಗೋಡೆ ತುಂಬ ರಾಜರ ಶಾಸನಗಳ ಅಚ್ಚು ತೂಗುಹಾಕಿದ್ದರು. ಯಾವನೋ ರಾಜ ಯಾರಿಗೋ ಭೂಮಿ ಕೊಟ್ಟನಂತೆ, ಅದನ್ನು ಕಲ್ಲಿನಲ್ಲಿ ಕೆತ್ತಿಸಿದನಂತೆ. ಅದು ದಾಖಲೆ. ಕೆತ್ತಿದವನು ತನ್ನ ಕಾಗೆಕಾಲು ಕೆತ್ತಿಕೊಂಡರೆ ಗೀಚಿದ್ದು. ಕಿಟಕಿ ಒರೆಸಿದೆ. ಬಟ್ಟೆ ಹಿಂಡಿದ ನೀರನ್ನು ಅವರ ತಲೆಯ ಮೇಲೆ ಸುರಿಯಬೇಕೆನ್ನಿಸಿತು, ಸುರಿಯಲಿಲ್ಲ.

ಪೀಠ ಕಟ್ಟುವ ಕೆಲಸಕ್ಕೆ ಬಂದದ್ದು ನಮ್ಮಣ್ಣನ ತಂಡವೇ. ಗುತ್ತಿಗೆದಾರನಿಗೆ ಕಲ್ಲಿನ ಕೆಲಸ ಬಲ್ಲವರು ಊರಲ್ಲಿ ಬೇರೆ ಯಾರೂ ಸಿಗಲಿಲ್ಲ, ಈಗಿನವರೆಲ್ಲ ಸಿಮೆಂಟಿನವರು. ಊಟ ಮಾಡುವಾಗ ಅಣ್ಣನಿಗೆ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹುಚ್ಚು ಹಿಡಿದಿದೆ ನಿಂಗೆ. ಗುರುತು ಹೊರಗಿಟ್ರೆ ಆ ನನ್ಮಕ್ಳು ಸುಮ್ನಿರ್ತಾರಾ? ಕೆಲಸದಿಂದ ಕಿತ್ತಾಕ್ತಾರೆ. ಆಮೇಲೆ ನಿನ್ನ ಕಾಗೆಕಾಲು ಬೇಯ್ಸಿ ತಿನ್ನೋಣ."

"ಅಪ್ಪಂದು ಕಣೋ."

"ಅಪ್ಪಂದು ಅಂತ ನಂಗೂ ಗೊತ್ತಿಲ್ವಾ? ನಂಗೂ ಅದೇ ಗುರುತು. ಒಳಗೇ ಇರ್ಲಿ ಬಿಡು. ಇಷ್ಟು ವರ್ಷ ಇರ್ಲಿಲ್ವಾ?"

ಮೂಲೆಯಲ್ಲಿ ಕೂತಿದ್ದ ಅವ್ವನಿಗೆ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಅವಳು ಅಣ್ಣನ ಕಡೆ ಮುಖ ಮಾಡಿ ಅಂದಳು:

"ಆ ಕಲ್ಲು ತೊಳೆದೋಳು ನಾನು ಕಣೋ. ಗುರುತಿನ ಗೆರೆಯೊಳಗೆ ನೆತ್ತರು ಕೂತಿತ್ತು. ಬೆರಳಲ್ಲಿ ತಿಕ್ಕಿದೆ, ಹೋಗ್ಲಿಲ್ಲ. ಸಾಕು ಬಿಡಮ್ಮ, ಅದು ಒಳಗೆ ಹೋಗೋದು, ಯಾರಿಗೂ ಕಾಣಲ್ಲ ಅಂದ ಮೇಸ್ತ್ರಿ."

ಅಣ್ಣ ಅರ್ಧಕ್ಕೆ ಕೈತೊಳೆದು ಎದ್ದುಹೋದ.

ಮರುದಿನ ಆಡಳಿತ ಕಚೇರಿಯ ಮೊಗಸಾಲೆಯಲ್ಲಿ ನಾನು ಗುಡಿಸುತ್ತಿದ್ದೆ. ಬಿಸಿಲಲ್ಲಿ ಕಲ್ಲು ಹೊತ್ತ ಅಣ್ಣ ಒಳಗೆ ಬಂದು, ತಣ್ಣೀರಿನ ಯಂತ್ರದ ನಲ್ಲಿ ತಿರುಗಿಸಿ ಬೊಗಸೆಯೊಡ್ಡಿದ. ಎರಡು ಗುಟುಕು ಕುಡಿದಿದ್ದನೋ ಇಲ್ಲವೋ, ರಿಜಿಸ್ಟ್ರಾರ್ ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದರು.

"ಯಾವನೋ ಅವನು? ಇದು ಸ್ಟಾಫಿಗೆ ಇಟ್ಟಿರೋದು ಕಣೋ! ಗಾರೆ ಕೈಯಲ್ಲಿ ಮುಟ್ಟಿ ಹೊಲಸು ಮಾಡಿದ್ಯಲ್ಲೋ ಬೇವರ್ಸಿ! ಹೊರಗೆ ತೋಟದ ಪೈಪಿಲ್ವಾ ನಿಂಗೆ?"

ಅಣ್ಣನ ಬೊಗಸೆಯ ನೀರು ನೆಲಕ್ಕೆ ಸೋರಿತು. ಸಾಹೇಬರ ಕಣ್ಣು ನನ್ನ ಮೇಲೆ ಬಿತ್ತು.

"ಏಯ್, ಬಾ ಇಲ್ಲಿ. ಸೋಪು ಹಾಕಿ ಈ ನಲ್ಲಿ ತೊಳಿ. ಚೆನ್ನಾಗಿ ತಿಕ್ಕು. ಇವನೂ ನೋಡ್ಲಿ."

ನಾವು ಒಡಹುಟ್ಟಿದವರೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದನ್ನೇ ಹೇಳುತ್ತಿದ್ದರು. ನನ್ನ ಅಣ್ಣ ಮುಟ್ಟಿದ ನಲ್ಲಿಯನ್ನು ನಾನು ಸೋಪು ಹಾಕಿ ತಿಕ್ಕಿದೆ. ತಿಕ್ಕುವಾಗ ಅವ್ವ ಕಲ್ಲು ತಿಕ್ಕಿದ್ದು ನೆನಪಾಯಿತು. ಅವಮಾನವೆಂದರೆ ಅವಮಾನವೇ, ಅದಕ್ಕೆ ಬೇರೆ ಹೆಸರಿಲ್ಲ. ಅಣ್ಣ ಅಲ್ಲೇ ನಿಂತು ಪೂರ್ತಿ ನೋಡಿದ.

ಹೋಗುವ ಮುಂಚೆ ಸಾಹೇಬರು ಗುತ್ತಿಗೆದಾರನನ್ನು ಕರೆಸಿ ಇನ್ನೊಂದು ಅಪ್ಪಣೆ ಕೊಟ್ಟರು.

"ದಿನಾ ಗಣ್ಯರು ಬಂದು ಹೋಗ್ತಿದ್ದಾರೆ. ನಿಮ್ಮ ಆಳುಗಳು ಯಾರ ಕಣ್ಣಿಗೂ ಬೀಳ್ಬಾರ್ದು. ಪೀಠದ ಸುತ್ತ ಟಾರ್ಪಾಲು ಕಟ್ಟಿ, ಒಳಗೇ ಕೆಲಸ ಮಾಡ್ಲಿ. ಅವತ್ತು ಪರದೆ ಸರಿದಾಗ ಪ್ರತಿಮೆ ಕಾಣ್ಬೇಕು, ಅಷ್ಟೇ."

ನೀಲಿ ಟಾರ್ಪಾಲು ಕಟ್ಟಿದರು. ಅಣ್ಣ ತಂಡವನ್ನು ಒಳಗೆ ಕರೆದುಕೊಂಡು ಹೋಗಿ, ಹಾರೆಯನ್ನು ಮೊದಲ ಕಲ್ಲಿನ ಕೆಳಗೆ ತೂರಿಸಿದ. ನಾನು ಕಸದ ಬುಟ್ಟಿಯ ನೆಪದಲ್ಲಿ ಒಳಗೆ ಬಂದಿದ್ದೆ.

"ತಿರುಗಿಸ್ರೋ" ಅಂದ ಅಣ್ಣ.

"ಗುರುತು ಹೊರಗೆ ಬರುತ್ತಲ್ಲಣ್ಣ?" ಅಂದ ತಂಡದವನೊಬ್ಬ.

"ಬರ್ಲಿ ಅಂತಲೇ ಹೇಳ್ತಿರೋದು. ನಾವು ಕಾಣ್ಬಾರ್ದಂತೆ. ಕಾಣ್ಸೋಣ ಬೋಳಿಮಕ್ಳಿಗೆ."

ತಂಡದ ಮುದುಕನೊಬ್ಬ ಏಣಿ ಗುರುತಿನ ಕಲ್ಲನ್ನು ತಬ್ಬಿಕೊಂಡು, "ಇದು ನಮ್ಮ ಭಾವಂದು ಕಣ್ರೋ, ಇದನ್ನ ಎದುರಿಗೇ ಇಡಿ" ಅಂದ. ಮೀನು ಯಾರದು, ಬಾಚಣಿಗೆ ಯಾರದು ಎಂದು ಜಗಳವೇ ಶುರುವಾಯಿತು. ಸತ್ತವರೆಲ್ಲ ಒಬ್ಬೊಬ್ಬರಾಗಿ ಟಾರ್ಪಾಲಿನೊಳಗೆ ಬಂದರು. ಕುಡುಕ ಮಾವ, ಕುಂಟ ಚಿಕ್ಕಪ್ಪ, ಹಾಡುತ್ತಲೇ ಸುತ್ತಿಗೆ ಬೀಸುತ್ತಿದ್ದ ಅಜ್ಜ. ಅಷ್ಟು ನಗುನಗುತ್ತ ನಮ್ಮವರು ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಒಮ್ಮೆ ಇತಿಹಾಸದ ಮೇಷ್ಟ್ರು ಹೊರಗೆ ನಿಂತು ಕೂಗಿದರು.

"ಏನಯ್ಯಾ, ಹೇಗೆ ಬರ್ತಿದೆ ಪೀಠ?"

"ಜೋರಾಗಿ ಬರ್ತಿದೆ ಸಾರ್! ಒಳಗೆ ಬರ್ಬೇಡಿ, ಧೂಳು. ಬಟ್ಟೆ ಹಾಳಾಗುತ್ತೆ" ಅಂದ ಅಣ್ಣ ಒಳಗಿನಿಂದಲೇ.

ಮೇಷ್ಟ್ರು ಬರಲಿಲ್ಲ. ಗುತ್ತಿಗೆದಾರನೂ ಗಾಜಿನ ಬಾಗಿಲಿನ ಗಡಿಬಿಡಿಯಲ್ಲಿ ಇತ್ತ ತಲೆ ಹಾಕಲಿಲ್ಲ. ಅಪ್ಪನ ಕಲ್ಲನ್ನು ಮುಂಭಾಗದ ನಟ್ಟನಡುವೆ, ಎದೆಯ ಎತ್ತರಕ್ಕೆ ಕೂರಿಸಿದರು. ಪ್ರತಿಮೆ ನಿಂತಿತು, ಅದರ ಮೇಲೂ ಪೀಠದ ಮೇಲೂ ಕೆಂಪು ಬಟ್ಟೆ ಇಳಿಬಿಟ್ಟು ಗಾರೆ ಕೈಗಳೇ ಗಂಟು ಹಾಕಿದವು. ಆಮೇಲಷ್ಟೇ ಟಾರ್ಪಾಲು ಬಿಚ್ಚಿದರು.

ಸಮಾರಂಭದ ಬೆಳಗ್ಗೆ ಹುಲ್ಲಿನ ಮೇಲೆ ಕೆಂಪು ಜಮಖಾನ ಹಾಸಿದ್ದರು. ಕುಲಪತಿಗಳು, ಮುಖ್ಯ ಅತಿಥಿ, ಗೌನು ತೊಟ್ಟ ಪ್ರಾಧ್ಯಾಪಕರ ಸಾಲು. ನಮಗೆ ಹಗ್ಗದ ಆಚೆ, ಗಿಡಗಳ ಹಿಂದೆ ಜಾಗ. ಕಾರ್ಯಕ್ರಮ ಮುಗಿದ ತಕ್ಷಣ ಕಸ ಎತ್ತಬೇಕಲ್ಲ. ಹಟ ಹಿಡಿದು ಜೊತೆಗೆ ಬಂದಿದ್ದ ಅವ್ವನ ಕೈಹಿಡಿದು ನಾನು ನಿಂತಿದ್ದೆ. ನನ್ನ ಪಕ್ಕ ಅಣ್ಣ, ಅವನ ಕೈಯಲ್ಲಿ ಹಾರೆ. ಅವನ ತಂಡ ಹಿಂದೆ. ಕುಲಪತಿಗಳು ಸಂಸ್ಥಾಪಕರ ಬಗ್ಗೆ ಮಾತಾಡುತ್ತ, ಈ ಮಹಾನುಭಾವರು ಬರಿಗೈಯಿಂದ ಈ ವಿದ್ಯಾದೇಗುಲ ಕಟ್ಟಿದರು ಎಂದರು. ಅಣ್ಣ ನನ್ನ ಕಿವಿಯಲ್ಲಿ, "ಬರಿಗೈಯಲ್ಲಿ ಬಂಡೆ ಒಡೆದ್ರೆ ಕೈಯೇ ಇರಲ್ವಲ್ಲೇ" ಅಂದ. ನನಗೆ ನಗು, ಜೊತೆಗೆ ಹೆದರಿಕೆ.

ಮುಖ್ಯ ಅತಿಥಿ ದಾರ ಎಳೆದರು. ಬಟ್ಟೆ ಜಾರಿತು. ಮೇಲೆ ಹೊಳೆಯುವ ಕಂಚಿನ ಮನುಷ್ಯ, ಕೆಳಗೆ ಒರಟು ಕಲ್ಲಿನ ತುಂಬ ಏಣಿ, ಮೀನು, ಬಾಚಣಿಗೆ, ಕುಡುಗೋಲು, ನಡುವೆ ಕಾಗೆಕಾಲು. ಚಪ್ಪಾಳೆ ಶುರುವಾದದ್ದು ಅಲ್ಲಲ್ಲೇ ನಿಂತುಹೋಯಿತು.

ಮುಖ್ಯ ಅತಿಥಿ ಬಗ್ಗಿ ನೋಡಿದರು. "ಬಹಳ ಚೆನ್ನಾಗಿದೆ. ಯಾವ ಕಾಲದ ಶಾಸನ ಇದು?"

ಎಲ್ಲರೂ ಇತಿಹಾಸದ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕೈಯಲ್ಲಿದ್ದ ತಮ್ಮ ದೊಡ್ಡ ಪುಸ್ತಕದ ಹಾಳೆ ತಿರುವತೊಡಗಿದರು. ಪಾಪ, ದಾಖಲೆ ಇರಲಿಲ್ಲ.

ಅವ್ವ ಕೇಳಿದಳು, "ಬಟ್ಟೆ ತೆಗೆದ್ರೇನೇ?"

"ತೆಗೆದ್ರವ್ವ. ಅಪ್ಪಂದು ನಟ್ಟನಡುವೆ ಇದೆ."

ಅವಳು ನನ್ನ ಕೈ ಬಿಡಿಸಿಕೊಂಡು ಹಗ್ಗದ ಕೆಳಗೆ ನುಸುಳಿದಳು. ಸೆಕ್ಯುರಿಟಿಯವನು ಅಡ್ಡ ಬಂದರೆ, "ಸರಿಯೋ ಆ ಕಡೆ" ಎಂದು ಗದರಿ, ಕೈ ಮುಂದೆ ಚಾಚಿಕೊಂಡು ಜಮಖಾನದ ಮೇಲೆ ಮಣ್ಣುಗಾಲಲ್ಲೇ ನಡೆದಳು. ಕಲ್ಲು ಸಿಕ್ಕಿತು. ಮೂರು ಗೆರೆಯಲ್ಲಿ ಮೂರು ಬೆರಳಿಟ್ಟಳು.

"ಯಾವ ಕಾಲದ್ದು ಅಂದ್ರಾ? ನನ್ನ ಗಂಡಂದು ಸ್ವಾಮಿ. ಇದೇ ಕಲ್ಲಿನ ಕೆಳಗೆ ಸತ್ತ. ನೀವು ಹಾರ ಹಾಕೋಕೆ ಅವಸರ ಮಾಡಿದ್ರಿ ಅಂತ ಇದನ್ನ ನಾನೇ ತೊಳೆದು ಕೊಟ್ಟೆ."

ರಿಜಿಸ್ಟ್ರಾರ್ ಸಾಹೇಬರ ಮುಖ ಕಪ್ಪಿಟ್ಟಿತು. ಹಗ್ಗದ ಹತ್ತಿರ ಬಂದು, ಹಲ್ಲು ಕಚ್ಚಿಕೊಂಡು ಅಣ್ಣನಿಗೆ ಅಂದರು:

"ನಿನ್ನ ಕೆಲಸವೇನೋ ಇದು? ಕಲ್ಲು ಉಲ್ಟಾ ಕೂರಿಸಿದ್ಯಲ್ಲೋ ಕತ್ತೆ! ಊಟದ ಹೊತ್ತಿಗೆ ಇದೆಲ್ಲ ತಿರುಗಿರ್ಬೇಕು. ಇಲ್ದಿದ್ರೆ ನೀನು, ನಿನ್ನ ತಂಡ, ಈ ಗುಡಿಸೋ ಹೆಂಗಸರು, ಒಬ್ಬರಿಗೂ ಈ ಗೇಟಿನೊಳಗೆ ಕಾಲಿಡೋಕೆ ಬಿಡಲ್ಲ."

ಅಣ್ಣ ಹಗ್ಗ ದಾಟಿದ. ಸಾಹೇಬರ ಮುಂದೆ ನಿಂತು, ಕೈಯಲ್ಲಿದ್ದ ಹಾರೆಯನ್ನು ಅವರ ಕಾಲ ಬುಡದಲ್ಲಿ ಜಮಖಾನದ ಮೇಲೆ ಹಾಕಿದ.

"ಉಲ್ಟಾ ಇದ್ರೆ ನೀವೇ ತಿರುಗಿಸ್ಕೊಳ್ಳಿ. ಸೋಪು ಹಾಕಿ ತೊಳೆದೇ ಹಿಡ್ಕೊಳ್ಳಿ ಸಾರ್, ನಾನು ಮುಟ್ಟಿದ್ದೀನಿ."

ಹಿಂದಿನಿಂದ ಸುತ್ತಿಗೆಗಳು ಬಿದ್ದವು, ಉಳಿಗಳು ಬಿದ್ದವು. ಮುದುಕ ತೂಗುಗುಂಡನ್ನು ದಾರಸಮೇತ ಎಸೆದ. ನಾಳೆ ಒಲೆಗೆ ಏನು ಇಡುವುದೆಂಬ ಯೋಚನೆ ನನ್ನ ತಲೆಯಲ್ಲಿ ಬಂತು, ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ನನ್ನ ಪೊರಕೆಯನ್ನೂ ತಂದು ಆ ರಾಶಿಯ ಮೇಲೆ ಹಾಕಿದೆ. ಉಳಿದ ಹೆಂಗಸರು ತಮ್ಮ ತಮ್ಮ ಪೊರಕೆ ಹಿಡಿದು ಗಿಡಗಳ ಹಿಂದಿನಿಂದ ಬರತೊಡಗಿದರು.

ಸಾಹೇಬರು ಹಿಂದೆ ಫೈಲು ಹಿಡಿದು ನಿಂತಿದ್ದ ತಮ್ಮ ಅಟೆಂಡರನ ಕಡೆ ತಿರುಗಿ, "ಇದನ್ನೆಲ್ಲ ಎತ್ತೋ" ಎಂದು ಕೂಗಿದರು. ಅಟೆಂಡರ್ ಕದಲಲಿಲ್ಲ. ಅವನು ಪೀಠದ ಬಲಮೂಲೆಯ ಮೀನಿನ ಗುರುತನ್ನೇ ನೋಡುತ್ತಿದ್ದ. ಆಮೇಲೆ ಟೋಪಿ ತೆಗೆದು, "ಸಾರ್, ಅದು ನಮ್ಮಜ್ಜಂದು" ಅಂದ.