ಡೀಸೆಲ್ ಪೈಪಿಗೆ ಬೆರಳಿಟ್ಟಾಗ

ಹೊಸನಗರ ತಾಲೂಕಿನ ನಗರ ಎಂಬ ಊರಿನ ಪೂರ್ಣೇಶನ ಹಳೆಯ ಡೀಸೆಲ್ ಪಿಕಪ್ ಗಾಡಿ ಕೆಲವು ದಿನಗಳಿಂದ ಏರು ಹತ್ತಲು ಕೇಳುತ್ತಿರಲಿಲ್ಲ. ಸಪಾಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಶಾಮಿಯಾನದ ಕಂಬ, ಕುರ್ಚಿ, ಅಡುಗೆ ಹಂಡೆ ಹೇರಿಕೊಂಡು ಹೊಸನಗರದ ಕಡೆ ಹೊರಟರೆ ಮಾತ್ರ, ಅರ್ಧ ಏರಿನಲ್ಲಿ ದಮ್ಮು ಕಟ್ಟಿದವರ ಹಾಗೆ ನಿಂತುಬಿಡುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗಲೂ ಸತಾಯಿಸುತ್ತಿತ್ತು.

ಹೆಂಡತಿ ರಕ್ಷಾಳಿಗೆ ಚಿಂತೆ ಹತ್ತಿತು. ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವುದೇ ಅವರ ಜೀವನ. ಮದುವೆ ಮನೆಗೆ ಹಂಡೆ ಹೊತ್ತಿಗೆ ತಲುಪದಿದ್ದರೆ ಇನ್ನೊಮ್ಮೆ ಯಾರು ಕರೆಯುತ್ತಾರೆ? ಅವಳ ತಮ್ಮ ನಿರಂಜನ ಸಾಗರದಲ್ಲಿ ಹುಡುಗರಿಗೆ ಡೀಸೆಲ್ ಇಂಜಿನ್ ಕೆಲಸ ಕಲಿಸುವವನು. ಅವನಿಗೊಮ್ಮೆ ತೋರಿಸಿ ಎಂದು ಎಷ್ಟೋ ಸಲ ಹೇಳಿದ್ದಳು. ಪೂರ್ಣೇಶ ಕಿವಿಗೆ ಹಾಕಿಕೊಂಡಿರಲಿಲ್ಲ. ಪಂಪು ಹೋಗಿದೆ, ಪ್ರೆಶರ್ ಇಲ್ಲ, ಅದಕ್ಕೆ ಪಾಠ ಯಾಕೆ ಎನ್ನುವುದು ಅವನ ಮಾತು.

ಆ ಭಾನುವಾರ ನಿರಂಜನ ಊಟಕ್ಕೆ ಬರುವವನಿದ್ದ. ಅವನು ಬರುವುದರೊಳಗೆ ತಾನೇ ಕಂಡುಹಿಡಿದು ತೋರಿಸಬೇಕೆಂದು ಪೂರ್ಣೇಶನಿಗೆ ಹಟ ಬಂತು. ಅಂಗಳದಲ್ಲಿ ಬಾನೆಟ್ ಎತ್ತಿ, ಪಂಪಿನಿಂದ ಇಂಜಿನ್ನಿಗೆ ಹೋಗುವ ಸಣ್ಣ ಕಬ್ಬಿಣದ ಪೈಪಿನ ನಟ್ಟು ತುಸು ಸಡಿಲ ಮಾಡಿದ. ಕೀ ತಿರುಗಿಸು ಎಂದು ರಕ್ಷಾಳಿಗೆ ಹೇಳಿದ. ಅವಳು ತಿರುಗಿಸಿದಳು. ಇಂಜಿನ್ ಕೆಮ್ಮುತ್ತಾ ಶುರುವಾಯಿತು. ಡೀಸೆಲ್ ಎಷ್ಟು ಜೋರಿನಲ್ಲಿ ಬರುತ್ತಿದೆ ನೋಡೋಣವೆಂದು ಅವನು ಬಲಗೈಯ ತೋರುಬೆರಳನ್ನು ನಟ್ಟಿನ ಬಾಯಿಗೆ ಒತ್ತಿದ.

ಚುರುಕ್ ಎಂದಿತು. ಕೈ ಹಿಂದೆಗೆದು ನೋಡಿದರೆ ಬೆರಳ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ. ರಕ್ತವಿಲ್ಲ, ಹೇಳಿಕೊಳ್ಳುವ ನೋವೂ ಇಲ್ಲ. ಪ್ಯಾಂಟಿಗೆ ಕೈ ಒರೆಸಿಕೊಂಡು ನಕ್ಕ.

ಅಷ್ಟರಲ್ಲಿ ನಿರಂಜನನ ಕಾರು ಬಂತು. ಭಾವ ತೋರಿಸಿದ ಬೆರಳು ನೋಡಿದವನೇ ಏನು ಮಾಡಿದಿರೆಂದು ಕೇಳಿದ. ಪೂರ್ಣೇಶ ಹೇಳುತ್ತಿದ್ದಂತೆ ಅವನು ಓಡಿಹೋಗಿ ಕೀ ಕಿತ್ತು ಇಂಜಿನ್ ನಿಲ್ಲಿಸಿದ.

"ಭಾವ, ಕಾರು ಹತ್ತಿ. ಈಗಲೇ ಆಸ್ಪತ್ರೆಗೆ ಹೋಗ್ಬೇಕು."

"ಎಂತ ಮಾರಾಯ, ಸೂಜಿ ಚುಚ್ಚಿದ ಹಾಗೂ ಆಗ್ಲಿಲ್ಲ. ಅರಿಶಿನ ಹಚ್ಚಿದ್ರೆ ಆಯ್ತು. ಊಟ ಮಾಡಿ ಹೋಗಾಣ."

"ಊಟ ಬೇಡ, ನೀರೂ ಕುಡೀಬೇಡಿ. ಆಪರೇಷನ್ ಬೇಕಾಗ್ತದೆ. ಚರ್ಮದ ಮೇಲೆ ಕಾಣೋದು ಚುಕ್ಕೆ ಅಷ್ಟೇ. ಡೀಸೆಲ್ ಬೆರಳೊಳಗೆ ಹೋಗಿದೆ."

ಕೀ ತಿರುಗಿಸಿದ್ದು ರಕ್ಷಾಳ ಕೈ. ಗಂಡನ ತೋಳು ಹಿಡಿದು ಕಾರಿಗೆ ಹತ್ತಿಸಿದಳು. ಬೆರಳು ಒತ್ತಬಾರದು, ಬಿಸಿ ಶಾಖ ಕೊಡಬಾರದು, ಕೈ ಎತ್ತಿ ಹಿಡಿದಿರಬೇಕು ಎಂದು ನಿರಂಜನ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಹೊಸನಗರ ತಲುಪುವಷ್ಟರಲ್ಲಿ ಬೆರಳು ಊದಿ ಬಾಳೆಕಾಯಿಯಂತಾಗಿತ್ತು. ಪೂರ್ಣೇಶನ ನಗು ಅಡಗಿತ್ತು; ಹಲ್ಲು ಕಚ್ಚಿ ಕುಳಿತಿದ್ದ.

ಹೊಸನಗರದ ವೈದ್ಯೆ ವಿಷಯ ಕೇಳಿದವರೇ ಶಿವಮೊಗ್ಗಕ್ಕೆ ಫೋನ್ ಮಾಡಿ, ಆಂಬುಲೆನ್ಸಿನಲ್ಲಿ ಕಳಿಸಿದರು. ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಹೊರಗೆ ಬಂದು ಹೇಳಿದ್ದನ್ನು ರಕ್ಷಾ ಇಂದಿಗೂ ಮರೆತಿಲ್ಲ. ಬೆರಳನ್ನು ಉದ್ದಕ್ಕೆ ಸೀಳಿದಾಗ ಒಳಗಿನಿಂದ ಡೀಸೆಲ್ ವಾಸನೆ ಬಂತಂತೆ. ಅದು ಅಂಗೈವರೆಗೂ ಹರಡಿತ್ತಂತೆ. ಅಂಗೈ ಉಳಿಯಿತು. ತೋರುಬೆರಳಿನ ತುದಿಯ ಗೆಣ್ಣು ಉಳಿಯಲಿಲ್ಲ. ಮರುದಿನಕ್ಕೆ ಬಿಟ್ಟಿದ್ದರೆ ಇಡೀ ಬೆರಳು, ಬಹುಶಃ ಕೈಯೂ ಹೋಗುತ್ತಿತ್ತು ಎಂದರು ವೈದ್ಯರು.

ಗಾಯ ಮಾಗುವ ಹೊತ್ತಿಗೆ ನಿರಂಜನ ಮತ್ತೆ ನಗರಕ್ಕೆ ಬಂದ. ಗಾಡಿ ಅಂಗಳದಲ್ಲಿ ಹಾಗೇ ನಿಂತಿತ್ತು. ಪೂರ್ಣೇಶ ಜಗಲಿಯಲ್ಲಿ ಪಟ್ಟಿ ಕಟ್ಟಿದ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಪ್ರೆಶರ್ ಕಡಿಮೆ ಅಂತಲೇ ತಾನು ಬೆರಳಿಟ್ಟದ್ದು, ಮತ್ತೆ ಹೀಗೆ ಹೇಗಾಯಿತು ಎಂದು ಕೇಳಿದ.

ನಿರಂಜನ ಬಿಡಿಸಿ ಹೇಳಿದ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಮೆಲ್ಲಗೆ ಹರಿದು ಬರುತ್ತದೆ. ಪಂಪು ದಾಟಿದ ಮೇಲೆ ಅದೇ ಡೀಸೆಲ್ ಚರ್ಮ ತೂರಿಹೋಗುವಷ್ಟು ಜೋರಾಗುತ್ತದೆ. ಬರುವ ಡೀಸೆಲ್ ಸಾಲದೆ ಗಾಡಿ ಎಳೆಯದಿದ್ದರೂ, ಇಂಜಿನ್ ಓಡುತ್ತಿದೆ ಎಂದರೆ ಆ ಕಬ್ಬಿಣದ ಪೈಪಿನಲ್ಲಿ ಅಪಾಯ ಇದ್ದೇ ಇದೆ. ಹಾಗಾಗಿ ಹುಡುಕುವುದನ್ನು ಟ್ಯಾಂಕಿನ ಕಡೆಯಿಂದ ಶುರು ಮಾಡಬೇಕು.

ಇಂಜಿನ್ ಆಫ್ ಇಟ್ಟುಕೊಂಡೇ ಅವನು ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿದ. ಸ್ವಲ್ಪ ಹೊತ್ತಿನಲ್ಲಿ ನೀರು ತಳದಲ್ಲಿ, ಡೀಸೆಲ್ ಮೇಲೆ ನಿಂತಿತು. ಫಿಲ್ಟರ್ ಬಿಚ್ಚಿದರೆ ಕಪ್ಪು ಕೆಸರು. ಫಿಲ್ಟರ್ ಬದಲಾಯಿಸಿ, ಅದರ ಮೇಲಿನ ಕೈಪಂಪು ಒತ್ತಿದ. ಡೀಸೆಲ್ ತುಂಬಿದರೆ ಅದು ಗಟ್ಟಿಯಾಗಬೇಕಿತ್ತು, ಎಷ್ಟು ಒತ್ತಿದರೂ ಆಗಲಿಲ್ಲ. ಎಲ್ಲೋ ಗಾಳಿ ಎಳೆಯುತ್ತಿದೆ ಎಂದು, ಫಿಲ್ಟರಿಗೆ ಬರುವ ದಾರಿಯಲ್ಲಿ ಒಂದು ಪಾರದರ್ಶಕ ಪೈಪು ಜೋಡಿಸಿ ಮತ್ತೆ ಒತ್ತಿದ. ಗುಳ್ಳೆ ಗುಳ್ಳೆಯಾಗಿ ಗಾಳಿ ಬರುವುದು ರಕ್ಷಾಳಿಗೂ ಕಂಡಿತು. ಟ್ಯಾಂಕಿನ ಹತ್ತಿರದ ರಬ್ಬರ್ ಪೈಪು ಕ್ಲಿಪ್ಪಿನಡಿಯಲ್ಲಿ ಬಿರಿದಿತ್ತು. ಅದನ್ನೂ ಬದಲಾಯಿಸಿ, ಸಡಿಲಾಗಿದ್ದ ನಟ್ಟು ಬಿಗಿದು ಸ್ಟಾರ್ಟ್ ಮಾಡಿದರೆ ಗಾಡಿ ಒಂದೇ ಸಲಕ್ಕೆ ಶುರುವಾಯಿತು. ಪಂಪಿಗೆ ಏನೂ ಆಗಿರಲಿಲ್ಲ.

ರಕ್ಷಾ ಬಿರಿದ ಪೈಪನ್ನು ಕೈಯಲ್ಲಿ ಹಿಡಿದು ನೋಡಿದಳು. ಗೇಣುದ್ದದ ತುಂಡು.

"ಇಷ್ಟಕ್ಕೆ ಬೆರಳು ಹೋಯ್ತಾ?" ಎಂದಳು.

ಪೂರ್ಣೇಶ ಆ ತುಂಡನ್ನು ಅವಳ ಕೈಯಿಂದ ತೆಗೆದುಕೊಂಡು ಹೇಳಿದ: "ಇದನ್ನ ಗಾಡಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳ್ಬೇಕು. ನನ್ನ ಕೈ ತೋರಿಸಿಯೇ ಹೇಳ್ತೀನಿ."

ಹಾಗೇ ಹೇಳುತ್ತಿದ್ದಾನೆ. ಈಗ ಅವನು ಶಾಮಿಯಾನದ ಹಗ್ಗವನ್ನು ನಡುಬೆರಳಿನಲ್ಲಿ ಬಿಗಿಯಲು ಕಲಿತಿದ್ದಾನೆ.

ಗಾಡಿ ಇಟ್ಟುಕೊಂಡ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಗಾಡಿ ಏರಿನಲ್ಲಿ ಎಳೆಯದಿದ್ದರೆ ಮೊದಲು ಫಿಲ್ಟರ್, ನೀರು, ರಬ್ಬರ್ ಪೈಪು ನೋಡಿಸಿ. ಪಂಪಿನಿಂದ ಮುಂದಿನ ಕೆಲಸವನ್ನು ಬಲ್ಲ ಮೆಕ್ಯಾನಿಕ್‌ಗೆ ಬಿಡಿ. ಇಂಜಿನ್ ಓಡುತ್ತಿರುವಾಗ ಡೀಸೆಲ್ ಸೋರುವ ಜಾಗಕ್ಕೆ ಕೈ ಒಡ್ಡಬೇಡಿ. ಅಕಸ್ಮಾತ್ ಚುಚ್ಚಿತೋ, ನೋವಿಲ್ಲವೆಂದು ಮನೆಯಲ್ಲಿ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ, ಡೀಸೆಲ್ ಚರ್ಮದೊಳಗೆ ಹೋಗಿದೆ ಎಂದು ಬಾಯಿ ಬಿಟ್ಟು ಹೇಳಿ. ನಿಮ್ಮ ಮನೆಯಲ್ಲಿ ಗಾಡಿ ಓಡಿಸುವವರಿಗೆ ಇದನ್ನು ಇವತ್ತೇ ಓದಿ ಹೇಳಿ.