ಗೆರೆ ದಾಟಿದ ಮುಚ್ಚಳ

ಟಿಕೋಟಾದ ಲಾಡಲೇಸಾಬನಿಗೆ ತನ್ನ ನೆರಳಿನ ಮೇಲೂ ನಂಬಿಕೆಯಿರಲಿಲ್ಲ. ಹಗ್ಗ ಎಳೆದು ತಿರುಗಿಸುವ ಖರಾದಿನ ಮೇಲೆ ಕಟ್ಟಿಗೆ ತಿರುವಿ ಸುರ್ಮಾ ಡಬ್ಬಿ, ಕುಂಕುಮದ ಭರಣಿ ಮಾಡುವುದು ಅವನ ಕಸುಬು. ಒತ್ತಿ ಮುಚ್ಚುವ ಡಬ್ಬಿ ಯಾರು ಬೇಕಾದರೂ ಮಾಡಿಯಾರು. ತಿರುಗಿಸಿ ಮುಚ್ಚುವುದನ್ನು ಮಾಡುವವನು ಸುತ್ತ ಹತ್ತೂರಿಗೆ ಅವನೊಬ್ಬನೇ. ಬಾಚಣಿಗೆಯಂತೆ ಹಲ್ಲಿರುವ ಒಂದು ಉಳಿಯನ್ನು ಅಪ್ಪ ಬಿಟ್ಟುಹೋಗಿದ್ದ. ಗರಗರ ತಿರುಗುವ ಕಟ್ಟಿಗೆಗೆ ಅದನ್ನು ಬರಿಗೈಯಲ್ಲಿ ಹಿಡಿದು ಹದವಾಗಿ ಸರಿಸಿದರೆ ತಿರುಪಿನ ಸುರುಳಿ ಬೀಳುತ್ತಿತ್ತು. ಕೈ ತುಸು ತಡವರಿಸಿತೋ, ಆ ಡಬ್ಬಿ ಒಲೆಗೆ.

ಆ ಉಳಿಯನ್ನು ಅವನು ಒಂದು ಶೀಸಂ ಮರದ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚುತ್ತಿದ್ದ. ಮುಚ್ಚಳದ ಕಟ್ಟಿಗೆಯ ಎಳೆ, ಡಬ್ಬಿಯ ಕಟ್ಟಿಗೆಯ ಎಳೆ ಎರಡೂ ಕೂಡಿ ಒಂದೇ ಗೆರೆಯಾಗಬೇಕು. ಯಾರಾದರೂ ತೆರೆದು ಮುಚ್ಚಿದರೆ ಗೆರೆ ತಪ್ಪುತ್ತದೆ, ಕಳ್ಳ ಸಿಗುತ್ತಾನೆ. ಎಂಥಾ ತಲೆ ನೋಡಿ ಮುದುಕನದು.

ಆಗ ದೊಡ್ಡ ಯುದ್ಧ ನಡೆದಿತ್ತು. ಮಗ ಬಂದೇನವಾಜ ಪಲ್ಟನ್ನು ಸೇರಿ ಬರ್ಮಾದ ಕಡೆ ಹೋಗಿದ್ದ. ಅವನ ಬದಲು ಸೊಸೆ ಆಶಾಬಿ ಎದುರಿಗೆ ಕೂತು ಖರಾದಿನ ಹಗ್ಗ ಎಳೆಯುತ್ತಿದ್ದಳು. ಅವಳ ಅಣ್ಣ ಫಕ್ರುದ್ದೀನ ಹೊನವಾಡದಲ್ಲಿ ಮಂಚದ ಕಾಲು ತಿರುವುವವನು. ಬೀಗನೂ ತನ್ನ ಕಸುಬಿನವನೇ ಎಂಬ ಹುಳ ಲಾಡಲೇಸಾಬನ ತಲೆ ಕೊರೆಯುತ್ತಲೇ ಇತ್ತು.

ಬೇಸಿಗೆಯಲ್ಲಿ ವಾರವೆಲ್ಲ ಜ್ವರದಿಂದ ಮಲಗಿ ಎದ್ದವನು ಮೊದಲು ಡಬ್ಬಿ ಹಿಡಿದ. ಮುಚ್ಚಳ ಸಡಿಲವಾಗಿತ್ತು. ಬಿಗಿ ಮಾಡಿದರೆ ಗೆರೆ ಜೋಳದ ಕಾಳಿನಷ್ಟು ದಾಟಿ ನಿಂತಿತು. ಉಳಿ ಒಳಗೇ ಇತ್ತು, ಆದರೆ ಯಾರೋ ಅದರ ಹಲ್ಲಿನ ನಕಲು ತೆಗೆದಿದ್ದಾರೆ ಎಂದುಕೊಂಡ.

“ಡಬ್ಬಿ ಯಾರು ತಗದಾರ ಬೇ?”

“ನಾ ಮುಟ್ಟಿಲ್ರಿ ಮಾಮಾ.”

“ಗ್ವಾಡಿ ತಗೀತೇನು ಹಂಗಾರ? ನಾ ಬಿದ್ದಾಗ ನಿಮ್ಮಣ್ಣ ಬಂದಿದ್ದಿಲ್ಲೇನು?”

“ನಿಮಗ ಔಷಧ ಕೊಡಾಕ ಬಂದಿದ್ದರಿ.”

ಔಷಧವಂತೆ! ಅವತ್ತೇ ಮಧ್ಯಾಹ್ನ ಹೊನವಾಡದ ಕಡೆ ಹೊರಟ ಬಂಡಿಗೆ ಸೊಸೆಯನ್ನು ಹತ್ತಿಸಿದ. ಅವಳು ಹೋಗುವ ಮುಂಚೆ ರೊಟ್ಟಿ ಬಡಿದು ಮುಚ್ಚಿಟ್ಟಿದ್ದಳು. ಕಳ್ಳಿ ಎಂದ ಬಾಯಿಂದಲೇ ಅವನ್ನು ತಿಂದ.

ತಿಂಗಳಾದ ಮೇಲೆ ವಿಜಾಪುರದ ಸ್ಟೇಷನ್ ರಸ್ತೆಗೆ ಹೋದ. ಅವನ ಡಬ್ಬಿ ಮಾರುವ ಅಂಗಡಿಯ ಶಂಕ್ರೆಪ್ಪ ಮೊರದ ತುಂಬ ಡಬ್ಬಿ ತಂದು ಮುಂದಿಟ್ಟ.

“ಹಸಿ ಕಟ್ಟಿಗಿ ತಿರುವೀರೇನ್ರಿ ಲಾಡಲೇಸಾಬ್ರ? ಕಾಗದ ಬಿಚ್ಚಿಲ್ಲ, ಒಬ್ರೂ ಮುಟ್ಟಿಲ್ಲ. ಒಣಗಿ ಎಲ್ಲಾ ಸಡ್ಲ ಆಗ್ಯಾವ.”

ಒಂದೊಂದನ್ನೇ ಬಿಗಿ ಮಾಡಿ ನೋಡಿದ. ಎಲ್ಲದರ ಗೆರೆಯೂ ದಾಟಿ ನಿಂತಿತು. ಯುದ್ಧದಿಂದಾಗಿ ಒಣ ಕಟ್ಟಿಗೆ ಸಿಗದೆ ಸಂಕ್ರಾಂತಿಯಿಂದ ಹಸಿಯದನ್ನೇ ತಿರುವಿದ್ದ; ಉಳಿಯ ಡಬ್ಬಿಯೂ ಅದೇ ದಿಮ್ಮಿಯದು. ಮೂವತ್ತು ವರ್ಷ ಕಟ್ಟಿಗೆ ತಿರುವಿದವನಿಗೆ ಇದು ಹೊಳೆಯಲಿಲ್ಲ, ಸೊಸೆ ಕಳ್ಳಿ ಎನ್ನುವುದು ಮಾತ್ರ ತಟ್ಟನೆ ಹೊಳೆದಿತ್ತು. ನಾಚಿಕೆಯಿಂದ ಅವನ ಕಿವಿ ಕಾದವು. ಮಗ ಬಂದು ಹೆಂಡತಿ ಎಲ್ಲಿ ಎಂದರೆ ಏನು ಹೇಳಲಿ ಎಂದು ರಾತ್ರಿಯೆಲ್ಲ ಹೊರಳಾಡಿ, ಬೆಳಕು ಹರಿದದ್ದೇ ಹೊನವಾಡಕ್ಕೆ ನಡೆದ.

ಅಲ್ಲಿ ಅಂಗಳದಲ್ಲಿ ಫಕ್ರುದ್ದೀನ ಹಗ್ಗ ಎಳೆಯುತ್ತಿದ್ದ. ಉಳಿ ಹಿಡಿದವಳು ಆಶಾಬಿ. ಪಕ್ಕದಲ್ಲಿ ಕೆಟ್ಟ ಡಬ್ಬಿಗಳ ರಾಶಿ. ಅವಳ ಕೈಯಲ್ಲಿದ್ದದ್ದರ ಮೇಲೆ ಮಾತ್ರ ಸುರುಳಿ ಚೊಕ್ಕವಾಗಿ ಬಿದ್ದಿತ್ತು. ತಪ್ಪಾಯಿತು ಎನ್ನಲು ಬಂದವನ ನಾಲಿಗೆ ಬೇರೆಯದನ್ನೇ ಕೇಳಿತು.

“ಆ ಉಳಿ ಎಲ್ಲಿಂದ ಬಂತು?”

“ಹಳೇ ಗರಗಸದ ತುಂಡಿಗೆ ಅರ ಹಾಕಿ ತಿಕ್ಕಿ ಹಲ್ಲು ಮಾಡೇನ್ರಿ. ವರ್ಷಗಟ್ಟಲೆ ನಿಮ್ಮೆದುರು ಕುಂತು ಹಗ್ಗ ಎಳದೇನಿ ಮಾಮಾ. ಕಣ್ಣು ಮುಚ್ಕೊಂಡು ಎಳದಿಲ್ಲ.”

ಲಾಡಲೇಸಾಬ ಅಂಗಿಯ ಕಿಸೆಗೆ ಕೈ ಹಾಕಿ ತನ್ನದೊಂದು ಮುಚ್ಚಳ ತೆಗೆದ. ಅವಳ ಡಬ್ಬಿ ಇಸಿದುಕೊಂಡು ಅದರ ಮೇಲಿಟ್ಟು ತಿರುಗಿಸಿದ. ಅರ್ಧ ಸುತ್ತಿಗೇ ಕಚ್ಚಿ ನಿಂತಿತು. ಇನ್ನೊಮ್ಮೆ ತಿರುಗಿಸಿದ, ಕೂಡಲಿಲ್ಲ. ಹಲ್ಲು ಬೇರೆ, ತನ್ನ ಉಳಿಯ ನಕಲಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು.

“ನಂದ ತಪ್ಪಾತು ಬೇ,” ಎಂದ ನಗುತ್ತ. “ನಡಿ, ಮನಿಗೆ ಹೋಗೂಣು.”

ಆಶಾಬಿ ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

“ಕರಿಯಾಕ ಬಂದವ್ರು ಮುಚ್ಚಳ ಯಾಕ ತಂದಿದ್ರಿ ಮಾಮಾ?”

ಅವಳು ಹೊಸ ತುಂಡೊಂದನ್ನು ಖರಾದಿಗೆ ಸಿಕ್ಕಿಸಿ, “ಎಳಿ ಅಣ್ಣಾ,” ಎಂದಳು.